ಮೂರು ಸಲ ಊದು

ಬೆಳಿಗ್ಗೆ ಐದೂಕಾಲು. ಹಾಸನ ಡಿಪೋದ ವಿಶ್ರಾಂತಿ ಕೋಣೆ.
ಹಲ್ಲುಜ್ಜುವ ಮೊದಲು ನೆಟ್ಟಗೆ ನಿಂತು
ಕೊಳವೆಯ ಬಾಯಿಗೆ ಬಾಯಿಟ್ಟು
ಒಂದೇ ಉಸಿರಿಗೆ, ದೀಪ ಆರಿಸುವ ಹಾಗಲ್ಲ,
ಒದ್ದು ಬಾಗಿಲು ತೆಗೆಯುವ ಹಾಗೆ.
ಕೆಂಪು ಮುಳ್ಳು ಓಡುತ್ತದೆ, ನಿಲ್ಲುತ್ತದೆ.
ಸೊನ್ನೆಗೆ ತಳ್ಳಿ ಇನ್ನೊಮ್ಮೆ.
ಮತ್ತೊಮ್ಮೆ.
ಮೂರರಲ್ಲಿ ದೊಡ್ಡದನ್ನು ಬರೆಯಬೇಕು,
ಸರಾಸರಿಯನ್ನಲ್ಲ. ಈ ಒಂದು ಲೆಕ್ಕದ ಮೇಲೆ
ನನಗೆ ಮೊದಲ ದಿನವೇ ಪ್ರೀತಿ ಬಂತು.

ಹತ್ತೊಂಬತ್ತು ವರ್ಷ ಸೀಟಿ ಊದಿದವಳು ನಾನು.
ಹಾಸನ, ಗೊರೂರು, ಅರಕಲಗೂಡು, ಕೊಣನೂರು.
ಒಂದು ಊದಿದರೆ ನಿಲ್ಲು, ಎರಡಕ್ಕೆ ಹೊರಡು.
ಒಂದು ಭಾದ್ರಪದ, ಕೊಣನೂರಿನ ತಂಬಾಕು ಬ್ಯಾರನ್‌ಗಳು
ರಾತ್ರಿಯಿಡೀ ಹೊಗೆ ಉಗುಳಿದ ಬೆಳಿಗ್ಗೆ,
ಸೀಟಿ ಬಾಯಲ್ಲಿರಲಿಲ್ಲ, ಆದರೂ ಕೇಳಿತು.
ಡ್ರೈವರ್ ದ್ಯಾವಪ್ಪ ಬ್ರೇಕು ಹಾಕಿದ.
"ಯಾರು ಇಳೀತಾರೆ ಜಲಜಕ್ಕ?"
ಯಾರೂ ಇಳಿಯಲಿಲ್ಲ.
ನನ್ನ ಎದೆ ತಾನೇ ಊದಿಕೊಂಡಿತ್ತು.

ಡಾಕ್ಟರ್ ಪದ್ಮಾಂಬಿಕೆ ಶ್ರವಣಬೆಳಗೊಳದ ಕಡೆಯವರು,
ಹೊತ್ತು ಮುಳುಗುವ ಮುಂಚೆ ಉಣ್ಣುವವರು, ಸಣ್ಣ ದನಿ.
ಮೇಜಿನ ಮೇಲೆ ಎರಡಿಟ್ಟರು.
ಕಂದು ಬಣ್ಣದ್ದು ದಿನಾ ಎರಡು ಹೊತ್ತು, ಚೆನ್ನಾಗಿದ್ದಾಗಲೂ.
ನೀಲಿಯದು ಕಷ್ಟಕ್ಕೆ.
"ನೀಲಿ ಬೇಗ ಬೇಗ ಖಾಲಿ ಆದ್ರೆ ನನ್ನ ಹತ್ರ ಬನ್ನಿ,
ಮೆಡಿಕಲ್ ಶಾಪಿಗಲ್ಲ."
ಒಂದು ಪುಸ್ತಕ ಕೊಟ್ಟರು, ತುಂಬ ಚೌಕ.
ನನ್ನ ಒಳ್ಳೆಯ ದಿನದ ಉಸಿರು ಮುನ್ನೂರ ಅರವತ್ತು.
ಇನ್ನೂರ ಎಂಬತ್ತೆಂಟರವರೆಗೆ ಹಸಿರು,
ನೂರ ಎಂಬತ್ತರವರೆಗೆ ಹಳದಿ,
ಅದರ ಕೆಳಗಿನದನ್ನು ಅವರು ಹೇಳುವ ಮೊದಲೇ
ನಾನು ಸ್ಟೇಜು ಎಣಿಸಿ ಮುಗಿಸಿದ್ದೆ.

ಮೂರು ತಿಂಗಳು ಚೆನ್ನಾಗಿದ್ದೆ. ಆದ್ದರಿಂದ ಬಿಟ್ಟೆ.
"ಪಂಪು ಹಿಡಿದ್ರೆ ಅದು ಬಿಡಲ್ವಂತೆ" ಎಂದಳು
ಗೊರೂರಿನಲ್ಲಿ ಹತ್ತುವ ಹೂವಿನ ಸಾಕವ್ವ.
ನನಗೂ ಬಸ್ಸಿನ ತುಂಬ ಜನರೆದುರು
ಅದನ್ನು ಬಾಯಿಗಿಡಲು ನಾಚಿಕೆ.
ಚೀಲದ ತಳಕ್ಕೆ ತುರುಕಿದೆ,
ಹರಿದ ಹತ್ತರ ನೋಟುಗಳ ಜೊತೆ.
ಪುಸ್ತಕ ಮಾತ್ರ ತಪ್ಪಿಸಲಿಲ್ಲ:
ತಪಾಸಣೆಯ ಹಿಂದಿನ ರಾತ್ರಿ ಕೂತು
ಮೂವತ್ತು ದಿನ ಒಟ್ಟಿಗೆ ಉಸಿರಾಡಿದೆ.
ಮುನ್ನೂರು, ಮುನ್ನೂರ ಹತ್ತು, ಮುನ್ನೂರು, ಮುನ್ನೂರ ಇಪ್ಪತ್ತು.

ಅವರು ಪುಟ ತಿರುಗಿಸಿದರು. ಕನ್ನಡಕ ತೆಗೆದರು.
ಎಲ್ಲಾ ಒಂದೇ ಶಾಯಿ.
ಎಲ್ಲೂ ಹೊಡೆದು ಹಾಕಿದ್ದಿಲ್ಲ, ಟೀ ಕಲೆಯಿಲ್ಲ.
"ಒಂದು ದಿನಾನೂ ಕಮ್ಮಿ ಆಗಲಿಲ್ವಾ?"
ಅಷ್ಟೇ ಕೇಳಿದ್ದು.
ಚೆಕಿಂಗಿನವರು ನಡುದಾರಿಯಲ್ಲಿ ಹತ್ತಿ
ವೇಬಿಲ್ ಕೈಲಿ ಹಿಡಿದು, ತಲೆ ಎಣಿಸಿ,
ಏನೂ ಮಾತಾಡದೆ ನಿಲ್ಲುವುದನ್ನು ನಾನು ಬಲ್ಲೆ.
ಹತ್ತೊಂಬತ್ತು ವರ್ಷದಲ್ಲಿ ಒಂದು ರೂಪಾಯಿ
ಕೊರತೆ ಬರಲಿಲ್ಲ ನನ್ನ ಚೀಲಕ್ಕೆ.
ಕೊಳವೆ ಕೈಗಿಟ್ಟರು. ಊದಿದೆ.
ನೂರ ಎಪ್ಪತ್ತು.

ಬೈಯಲಿಲ್ಲ. ಔಷಧಿಯ ಆವಿಗೆ ಮಾಸ್ಕು ಕಟ್ಟಿ ಕೂರಿಸಿದರು,
ಆ ರಾತ್ರಿ ಮನೆಗೆ ಬಿಡಲಿಲ್ಲ.
ಹೊಸ ಪುಸ್ತಕದ ಮೊದಲ ಚೌಕವನ್ನು
ಅವರೇ ತುಂಬಿದರು, ನೂರ ಎಪ್ಪತ್ತೆಂದೇ.

ಈಗ ಕಂದು ಎಳೆದು ಉಸಿರು ಹಿಡಿದಾಗ
ಹತ್ತು ಎಣಿಸುವುದಿಲ್ಲ, ಸ್ಟಾಪು ಹೇಳಿಕೊಳ್ಳುತ್ತೇನೆ ಒಳಗೇ:
ಡೈರಿ ಗೇಟು, ಆಲದಮರ, ಹಳೇ ನಾಕಾ, ಮಿಲ್ಲು...
ಅರಕಲಗೂಡು ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ.
ಬಾಯಿ ಮುಕ್ಕಳಿಸಿ ಉಗಿಯುತ್ತೇನೆ.
ಸೀಟಿ ದ್ಯಾವಪ್ಪನ ಮಗಳ ಕೊರಳಲ್ಲಿದೆ, ಶಾಲೆಯ ಕಬಡ್ಡಿಗೆ.
ನಾನು ಬಸ್ಸಿನ ತಗಡಿಗೆ ಎರಡು ಸಲ ತಟ್ಟುತ್ತೇನೆ,
ಅವನು ಹೊರಡುತ್ತಾನೆ.

ಇವತ್ತು: ಇನ್ನೂರ ಐವತ್ತು. ಇನ್ನೂರ ಎಪ್ಪತ್ತು.
ಕೆಮ್ಮು ಬಂದು ಮೂರನೆಯದು ಹಾಳು.
ಹಸಿರಿಗೆ ಹದಿನೆಂಟು ಕಡಿಮೆ.
ಚಿಲ್ಲರೆಯಿಲ್ಲ ಅಂದರೆ ನನ್ನ ಪ್ಯಾಸೆಂಜರುಗಳು
ಅಷ್ಟನ್ನು ಬಿಟ್ಟೇ ಇಳಿಯುತ್ತಾರೆ.
ಇನ್ನೂರ ಎಪ್ಪತ್ತು ಬರೆದೆ.
ಸೊನ್ನೆಯ ಮೇಲೆ ಹೆಬ್ಬೆರಳು ಜಾರಿ ಮಸಿ ಹರಡಿತು.
ಒರೆಸಲು ಹೋಗಲಿಲ್ಲ.